ಸಂಜೆ ಸುತ್ತು

ಉಡಿದಾರ ಕತ್ತರಿಸುತ್ತಿದ್ದಂತೆ ಬೀಗದ ಕೈಗಳ ಗೊಂಚಲು ಜಾರಿ ಹಲಗೆಯ ಮೇಲೆ ಬಿತ್ತು. ನೀರು ಹುಯ್ಯುತ್ತಿದ್ದ ಗಂಡಸರು ಕೈ ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೆಣದ ಸೊಂಟದಲ್ಲಿ ಉಡಿದಾರ ಬಿಡಬಾರದು ಅನ್ನುವುದು ಎಲ್ಲರಿಗೂ ಗೊತ್ತು. ಉಡಿದಾರಕ್ಕೆ ಕಟ್ಟಿಕೊಂಡಿದ್ದನ್ನು ಏನು ಮಾಡಬೇಕು ಅನ್ನುವುದು ಯಾರಿಗೂ ಗೊತ್ತಿರಲಿಲ್ಲ.

“ಎತ್ತಿಡ್ರಪ್ಪಾ ಅದನ್ನ. ಕಂಪ್ನಿದು,” ಎಂದ ಮುರಳೀಕೃಷ್ಣ.

ಬಾಗಿಲ ಮರೆಯಲ್ಲಿ ಹೊಸ ಪಂಚೆ ಹಿಡಿದು ನಿಂತಿದ್ದ ಆದಿಲಕ್ಷ್ಮಿಗೆ ಆ ಮಾತು ಕೇಳಿಸಿತು. ಹಲಗೆಯ ಮೇಲೆ ಮಲಗಿದ್ದವನು ಅವಳ ಗಂಡ ವೇಣು. ಕಂಪನಿದು ಎಂದವನು ಅವಳ ಸ್ವಂತ ಅಣ್ಣ. ನಿನ್ನೆ ಮಧ್ಯಾಹ್ನ ಉಂಡು ಕೈ ತೊಳೆಯಲು ಎದ್ದ ವೇಣು ಎದೆ ಹಿಡಿದುಕೊಂಡು ಗೋಡೆಗೆ ಒರಗಿದ. ವಕ್ಕಲೇರಿಯಿಂದ ಕೋಲಾರದ ಆಸ್ಪತ್ರೆ ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು. ಆಗಿನಿಂದ ಅತ್ತೂ ಅತ್ತೂ ಈಗ ಅಳುವುದೂ ಸಾಕಾಗಿ ಸುಮ್ಮನೆ ನಿಂತಿದ್ದಳು.

ಊರೂರಿನ ಹಾಲು ಕೊಳ್ಳುವ ಒಂದು ಖಾಸಗಿ ಕಂಪನಿಯಲ್ಲಿ ಮುರಳೀಕೃಷ್ಣ ಸೂಪರ್‌ವೈಸರು. ಬಾವನಿಗೆ ಅಲ್ಲೇ ಕೆಲಸ ಕೊಡಿಸಿದವನೂ ಅವನೇ. ಕೆಲಸವೆಂದರೆ ಸಂಜೆ ಸುತ್ತು. ಊರೂರಿನ ಡೇರಿ ಕೋಣೆಯಲ್ಲಿ ಒಂದೊಂದು ಕಂಪ್ಯೂಟರು; ಯಾರು ಎಷ್ಟು ಹಾಲು ಹಾಕಿದರು, ಜಿಡ್ಡು ಎಷ್ಟು ಬಂತು, ಎಲ್ಲ ಅದರೊಳಗೆ. ಹಾಲು ಅಳೆದವರು ಬೀಗ ಜಡಿದು ಮನೆಗೆ ಹೋದ ಮೇಲೆ ವೇಣು ಹೋಗಿ ಬೀಗ ತೆಗೆದು, ಅವತ್ತಿನ ಲೆಕ್ಕವನ್ನು ಪೆನ್‌ಡ್ರೈವಿಗೆ ತುಂಬಿಕೊಂಡು, ಕೊನೆಗೆ ಕೋಲಾರದ ಆಫೀಸಿನ ಕಂಪ್ಯೂಟರಿಗೆ ಸುರಿದು ಬರಬೇಕು. ಯಾವ ಊರಿನ ಮಿಷನ್ನು ಕೆಟ್ಟರೂ ಲೆಕ್ಕ ಕೆಡಬಾರದು, ಇನ್ನೊಂದು ಪ್ರತಿ ಕೋಲಾರದಲ್ಲಿ ಇರಲೇಬೇಕು ಅನ್ನುವುದು ಕಂಪನಿಯ ಕಟ್ಟಪ್ಪಣೆ. ಹಬ್ಬವೆಂದು ಹಸು ಹಾಲು ನಿಲ್ಲಿಸುವುದಿಲ್ಲವಲ್ಲ, ಹಾಗೆಯೇ ಈ ಸುತ್ತಿಗೂ ಬಿಡುವೆಂಬುದು ಇರಲಿಲ್ಲ.

ಗೊಂಚಲನ್ನು ಎತ್ತಿಕೊಂಡವನು ಕದಿರೇಶ. ಕೋಲಾರದ ಆಫೀಸಿನಲ್ಲಿ ಕಂಪ್ಯೂಟರು ನೋಡಿಕೊಳ್ಳುವವನು, ವೇಣುವನ್ನು ಅಣ್ಣ ಅಣ್ಣ ಎಂದು ಹಿಂದೆಮುಂದೆ ಸುತ್ತಿದವನು. ಅವನು ಅದನ್ನು ಮುರಳೀಕೃಷ್ಣನ ಕೈಗೆ ಕೊಡಲಿಲ್ಲ. ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದು ಆದಿಲಕ್ಷ್ಮಿಯ ಕೈಗೆ ಹಾಕಿ, ಪಂಚೆ ಇಸಿದುಕೊಂಡು ಹೋದ.

“ಕದಿರೇಶ, ಒಂದ್ ಮಾತು ನಂಗ್ ಅರ್ಥ ಆಗ್ತಿಲ್ಲ,” ಎಂದ ಮುರಳೀಕೃಷ್ಣ. ಬಾವನ ಕಾಲಿಗೆ ನೀರು ಹುಯ್ಯುತ್ತಲೇ ಆಫೀಸಿನ ಮಾತಾಡುವುದು ಅವನಿಗೆ ಹೊಸದೇನಲ್ಲ. ತನ್ನ ಮಗಳ ಆರತಕ್ಷತೆಯಲ್ಲೂ ಹಾಗೆಯೇ ಮಾಡಿದ್ದ. “ಬೆಳಿಗ್ಗೆ ಆಫೀಸಿಂದ ಫೋನ್ ಬಂದಿತ್ತು. ನಿನ್ನೆ ಸಾಯಂಕಾಲದ್ ಲೆಕ್ಕ ಎಲ್ಲಾ ಊರಿಂದೂ ಬಂದೈತಂತೆ. ಬಾವ ಮಧ್ಯಾಹ್ನವೇ ಹೋದ. ಇನ್ನ ಸುತ್ತಿಗ್ ಹೋದೋರ್ ಯಾರ್ಲಾ?”

“ಆಮೇಲ್ ಹೇಳ್ತೀನಿ ಸಾರ್. ಮೊದ್ಲು ಇದಾಗ್ಲಿ.” ಕದಿರೇಶ ತಲೆ ಎತ್ತಲಿಲ್ಲ.

ಆದಿಲಕ್ಷ್ಮಿ ಕೈ ಬಿಡಿಸಿ ನೋಡಿದಳು. ಅಂಗೈಗೆಲ್ಲ ಕೆಂಪು ಹತ್ತಿತ್ತು. ಮನೆಯ ಕೈ ಒಂದು ಬಿಟ್ಟು ಮಿಕ್ಕ ಎಲ್ಲದಕ್ಕೂ ತುಕ್ಕು ಹಿಡಿದಿತ್ತು. ಉಗುರಿನಿಂದ ಕೆರೆದಳು, ಹೋಗಲಿಲ್ಲ. ದಿನಾ ಬೀಗಕ್ಕೆ ತಿರುಗುವ ಕೈ ಹೀಗೆ ತುಕ್ಕು ಹಿಡಿಯುವುದುಂಟೆ? ಇದು ಒಂದು ತಿಂಗಳದ್ದಲ್ಲ, ಎರಡು ತಿಂಗಳದ್ದಲ್ಲ, ವರ್ಷಗಟ್ಟಲೆ ಸುಮ್ಮನೆ ಸೊಂಟದಲ್ಲಿ ಬೆವರು ಕುಡಿದ ತುಕ್ಕು. ಹಾಗಾದರೆ ಸಂಜೆಯಾಯಿತೆಂದರೆ ಹೆಲ್ಮೆಟ್ ಹಾಕಿಕೊಂಡು ಈ ಮನುಷ್ಯ ಹೋಗುತ್ತಿದ್ದುದು ಎಲ್ಲಿಗೆ?

ಅವಳು ಗೊಂಚಲನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಹೊರಗೆ ಹೆಣಕ್ಕೆ ಅಂಗಿ ತೊಡಿಸಲು ಎಡಗೈ ಬಗ್ಗದೆ ಒದ್ದಾಡುತ್ತಿದ್ದರು. ಕೇಳಬೇಕಾದವನನ್ನು ಕೇಳುವ ಹಾಗಿರಲಿಲ್ಲ.

*

ಮೊದಲ ವರ್ಷಗಳಲ್ಲಿ ಸುತ್ತು ಮುಗಿಸಿ ಬಂದ ವೇಣುವನ್ನು ನೋಡಿದರೆ ಅವಳಿಗೆ ಕರುಳು ಚುರ್ ಅನ್ನುತ್ತಿತ್ತು. ವಕ್ಕಲೇರಿ, ಟೇಕಲ್, ಅಲ್ಲಿಂದ ಶ್ರೀನಿವಾಸಪುರದ ಕಡೆಯ ಊರುಗಳು, ಮುಳಬಾಗಿಲು ದಾರಿ ಹಿಡಿದು ದೇವರಾಯಸಮುದ್ರ, ವಾಪಸ್ಸು ಕೋಲಾರ, ಆಮೇಲೆ ಮನೆ. ಮುಖದ ತುಂಬ ಟೊಮೇಟೊ ಲಾರಿಗಳ ಧೂಳು. ಹೊಸ್ತಿಲ ಹೊರಗೆ ಅವಳು ಇಟ್ಟ ಚೊಂಬಿನ ನೀರಲ್ಲಿ ಕಾಲು ತೊಳೆದು ಒಳಗೆ ಬಂದರೆ ಮಾತಿಲ್ಲ ಕತೆಯಿಲ್ಲ, ಮುದ್ದೆ ಮುರಿಯುತ್ತಲೇ ತೂಕಡಿಸುತ್ತಿದ್ದ.

“ತಟ್ಟೇಲೇ ಮಲಗ್ತೀರಾ ಏನು?” ಎಂದು ಅವಳು ರೇಗಿಸಿದರೆ, “ಅರ್ಧ ನಿದ್ದೆ ದೇವರಾಯಸಮುದ್ರದಲ್ಲೇ ಮಾಡ್ಬಿಟ್ಟೆ ಕಣೇ, ಮಿಕ್ಕಿದ್ದು ಇಲ್ಲಿ,” ಅನ್ನುತ್ತಿದ್ದ.

ಕೊರೋನಾ ಕಳೆದ ಮೇಲಿನ ಒಂದು ಭಾನುವಾರ ಕದಿರೇಶ ಆಫೀಸಿನವರು ಮೂಲೆಗೆ ಹಾಕಿದ್ದ ಹಳೇ ಕಂಪ್ಯೂಟರನ್ನು ಗಾಡಿಯ ಹಿಂದೆ ಕಟ್ಟಿಕೊಂಡು ಬಂದ. ಇಬ್ಬರೂ ನಡುಮನೆಯಲ್ಲಿ ಚಾಪೆ ಹಾಸಿ ಅದರ ಮುಂದೆ ಕೂತರು. ಆದಿಲಕ್ಷ್ಮಿ ಬಸ್ಸಾರಿಗೆ ಸೊಪ್ಪು ಬಿಡಿಸುತ್ತಾ ಪಕ್ಕದಲ್ಲೇ ಇದ್ದಳು.

“ಏನ್ರೀ ಮಾಡ್ತಿರೋದು?”

“ಇನ್ಮೇಲೆ ನನ್ ಬದ್ಲು ಇದನ್ನ ಊರೂರಿಗೆ ಕಳಿಸ್ತೀನಿ ಕಣೇ. ಇಲ್ಲೇ ಕೂತು ಎಲ್ಲಾ ಡೇರಿ ಕಂಪ್ಯೂಟರಿಗೂ ಹೋಗಿ ಲೆಕ್ಕ ತಂದು ಕೋಲಾರಕ್ಕೆ ಹಾಕ್ಬೇಕು.”

“ಹೋದ್ ಕಡೆಯೆಲ್ಲಾ ಪಾಸ್‌ವರ್ಡ್ ಕೇಳಲ್ವಾ? ನನ್ ಫೋನೇ ಕೇಳ್ತದೆ.”

“ಅಲ್ಲೇ ಇರೋದಕ್ಕ ತಮಾಷೆ,” ಎಂದ ಕದಿರೇಶ. “ಒಂದ್ ಬೀಗ ಒಂದ್ ಕೈ ಜೋಡಿ ಮಾಡ್ತೀವಿ. ಬೀಗಾನ ಎಲ್ಲಾ ಊರಿನ್ ಕಂಪ್ಯೂಟರಿಗೂ ಹಾಕ್ಬಿಡೋದು. ಕೈ ಮಾತ್ರ ಇದರ ಹೊಟ್ಟೇಲೇ ಇರ್ತದೆ. ಇದು ಹೋಗಿ ನಿಂತ್ರೆ ಸಾಕು, ಅವು ಗುರುತು ಹಿಡ್ದು ಬಾಗ್ಲು ತೆಗೀತಾವೆ. ಪಾಸ್‌ವರ್ಡ್ ಕೇಳೋರಿಲ್ಲ, ಒತ್ತೋರಿಲ್ಲ. ಹೊತ್ತು ಗೊತ್ತು ಮಾಡಿ ಬಿಟ್ರೆ ದಿನಾ ತಾನೇ ಹೋಗ್ಬರ್ತದೆ.”

ಬಾಯಲ್ಲಿ ಹೇಳಿದಷ್ಟು ಸಲೀಸಾಗಿ ಅದು ಆಗಲಿಲ್ಲ. ಮಧ್ಯಾಹ್ನವೆಲ್ಲ ಪಾಸ್‌ವರ್ಡ್ ಕೇಳುತ್ತಲೇ ಇತ್ತು. ವೇಣು ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದ. ಕೊನೆಗೆ ಕದಿರೇಶನಿಗೇ ಹೊಳೆಯಿತು.

“ಅಣ್ಣಾ, ಕೈ ಎಲ್ರಿಗೂ ಕಾಣೋ ಹಂಗೆ ಬಿಟ್ಟಿದೀವಿ. ಅದಕ್ಕೇ ಒಪ್ತಿಲ್ಲ ಇದು. ಯಜಮಾನ ಒಬ್ಬನಿಗೇ ಕಾಣ್ಬೇಕು.”

“ಮನೆಯೋರಿಗೂ ಕಾಣಬಾರ್ದಾ?” ಎಂದು ಆದಿಲಕ್ಷ್ಮಿ ಛೇಡಿಸಿದಳು.

“ಮನೆಯೋರಿಗೂ ಕಾಣಬಾರ್ದು,” ಎಂದು ವೇಣು ನಕ್ಕ. ಅವಳೂ ನಕ್ಕು ಸೊಪ್ಪು ಎತ್ತಿಕೊಂಡು ಒಲೆಯ ಹತ್ತಿರ ಹೋದಳು. ಊಟಕ್ಕೆ ಕೂತಾಗ ಏನಾಯಿತೆಂದು ಕೇಳಿದರೆ ವೇಣು ಕದಿರೇಶನ ಮುಖ ನೋಡಿ, “ಆಗ್ಲಿಲ್ಲ ಕಣೇ, ಹಳೇ ಮಿಷನ್ನು,” ಎಂದ. ಕದಿರೇಶ ತಟ್ಟೆಯಿಂದ ಮುಖ ಎತ್ತದೆ ಸಾರು ಸುರಿದುಕೊಂಡ. ಅವತ್ತೂ ಸಂಜೆ ಹೆಲ್ಮೆಟ್ ತಗಲಿಸಿಕೊಂಡು ವೇಣು ಹೊರಟ.

ಕಂಪ್ಯೂಟರು ಮಾತ್ರ ಬೀರುವಿನ ಪಕ್ಕದಲ್ಲೇ ಉಳಿಯಿತು. ಆರಿಸಬೇಡ, ಆರಿಸಿದರೆ ಮತ್ತೆ ಹತ್ತಲ್ಲ ಎಂದಿದ್ದ. ಅವಳು ಅದಕ್ಕೊಂದು ಹಳೇ ಸೀರೆಯ ತುಂಡು ಹೊದಿಸಿ, ಗುರುವಾರ ಗುರುವಾರ ಧೂಳು ಹೊಡೆಯುತ್ತಿದ್ದಳು. ಸಂಜೆ ಧಾರಾವಾಹಿ ನೋಡುತ್ತಾ ಕೂತಾಗ ಬಟ್ಟೆಯ ಸಂದಿಯಲ್ಲಿ ಅದರ ಹಸಿರು ದೀಪ ಮಿಣಮಿಣ ಅನ್ನುತ್ತಿತ್ತು. ಇದೂ ನನ್ನ ಜೊತೆ ಟಿವಿ ನೋಡುತ್ತೇನೋ ಅಂದುಕೊಳ್ಳುತ್ತಿದ್ದಳು.

ಆಮೇಲಿನಿಂದಲೇ ಅಲ್ಲವೆ ಅವನು ಕಡ್ಲೆಕಾಯಿ ತರಲು ಶುರು ಮಾಡಿದ್ದು. ಬರುವ ಹೊತ್ತು ಹಳೆಯದೇ, ಊಟಕ್ಕೆ ಕೂತರೆ ಮಾತ್ರ ಈಗ ತೂಕಡಿಕೆ ಇಲ್ಲ. ಮೈ ಒಗ್ಗಿಕೊಂಡಿತು ಎಂದು ಅವಳು ಸಮಾಧಾನ ಪಟ್ಟಳು. ಅಂಗಿಯೊಳಗಿನಿಂದ ಹುರಿದ ಕಡ್ಲೆಕಾಯಿಯ ಪೊಟ್ಟಣ ತೆಗೆದು ಕೊಡುತ್ತಿದ್ದ. ಎಲ್ಲಿದು ಅಂದರೆ ದಾರೀಲಿ ಸಿಕ್ತು ಅನ್ನುವನು. ಪೊಟ್ಟಣ ಇನ್ನೂ ಬೆಚ್ಚಗಿರುತ್ತಿತ್ತು. ದೇವರಾಯಸಮುದ್ರ, ಕೋಲಾರ ಎಲ್ಲ ಸುತ್ತಿ ಬಂದ ಪೊಟ್ಟಣ ಹೇಗೆ ಬೆಚ್ಚಗಿರುತ್ತದೆ ಎಂದು ಒಂದು ದಿನವಾದರೂ ಅವಳಿಗೆ ಅನ್ನಿಸಲಿಲ್ಲ. ತಿಂದಳು, ಸಿಪ್ಪೆ ಗುಡಿಸಿದಳು, ಮಲಗಿದಳು.

ಒಮ್ಮೆ ಅವಳಿಗೆ ಜ್ವರ ಬಂದು ನೆಲಕ್ಕೆ ಹಾಕಿತ್ತು. ನೋಡಲೆಂದು ಮುರಳೀಕೃಷ್ಣ ಬಂದು ಕುರ್ಚಿಯಲ್ಲಿ ಕೂತಿದ್ದ. “ಇವತ್ತೊಂದಿನ ಹೋಗ್ಬೇಡ್ರೀ,” ಎಂದು ಅವಳು ಕೈ ಹಿಡಿದುಕೊಂಡಳು. ವೇಣು ಅವಳನ್ನು ನೋಡಿದ, ಕುರ್ಚಿಯಲ್ಲಿದ್ದ ಭಾವಮೈದುನನನ್ನು ನೋಡಿದ, ಕೈ ಬಿಡಿಸಿಕೊಂಡು ಹೆಲ್ಮೆಟ್ ತೆಗೆದುಕೊಂಡು ಹೋದ. ಆ ಸಿಟ್ಟು ಅವಳ ಹೊಟ್ಟೆಯಲ್ಲಿ ಇವತ್ತಿಗೂ ಇತ್ತು.

*

ಹೆಣವನ್ನು ಜಗಲಿಯ ಮೇಲೆ ಕೂರಿಸಿ ಹೂವು ಹಾಕಿದ್ದರು. ವೇಣುವಿನ ತಾಯಿ ಆವಲಮ್ಮ ಮಗನ ಮೊಣಕಾಲು ಹಿಡಿದುಕೊಂಡು, “ನಾ ತಂಡ್ರೀ, ನಾಕಂಟೆ ಮುಂದೇ ಪೋತಿವಾ,” ಎಂದು ತನಗಿಂತ ಮೊದಲೇ ಹೋದ ಮಗನನ್ನು ತೆಲುಗಿನಲ್ಲಿ ಕರೆಕರೆದು ಅಳುತ್ತಿದ್ದಳು. ಮಣ್ಣಿಗೆ ಬಂದವರು ಹೊಂಗೆ ಮರದ ಕೆಳಗೆ ಕೂತು ಬೇಗ ಎತ್ತುವುದರ ಮಾತಾಡುತ್ತಿದ್ದರು. ಹಾಲಿನ ಹೊತ್ತಿಗೆ ಎಲ್ಲರೂ ಮನೆ ಸೇರಬೇಕು. ಸತ್ತವನು ಎಷ್ಟೇ ಬೇಕಾದವನಾಗಲಿ, ಕೆಚ್ಚಲು ಬಿಗಿದ ಹಸು ಕೇಳುವುದಿಲ್ಲ. ಅದರಲ್ಲಿ ತಪ್ಪೇನೂ ಇಲ್ಲ, ವೇಣುವೇ ಇದ್ದಿದ್ದರೂ ಅದನ್ನೇ ಹೇಳುತ್ತಿದ್ದ.

ಆಗ ತಲೆಯ ಮೇಲೆ ಬುಟ್ಟಿ ಹೊತ್ತ ಒಬ್ಬ ಹೆಂಗಸು ಬಂದಳು. ಬುಟ್ಟಿಯನ್ನು ಮರದ ಬುಡದಲ್ಲಿ ಇಳಿಸಿ, ಮಡಿಲಿನಿಂದ ಒಂದು ಮೊಳ ಸೇವಂತಿಗೆ ತೆಗೆದು ಹೆಣದ ಕಾಲಿಗೆ ಹಾಕಿ, ಸೆರಗು ಬಾಯಿಗಿಟ್ಟುಕೊಂಡು ಅಳತೊಡಗಿದಳು. ವಯಸ್ಸು ಐವತ್ತರ ಆಚೆ. ಕೊರಳಲ್ಲಿ ಕರಿಮಣಿ ಇಲ್ಲ. ವಕ್ಕಲೇರಿಯವರಿಗೆ ಯಾರಿಗೂ ಅವಳ ಗುರುತು ಹತ್ತಲಿಲ್ಲ.

“ಎವರಮ್ಮಾ ನುವ್ವು?” ಎಂದು ಆವಲಮ್ಮ ಅಳು ನಿಲ್ಲಿಸಿ ಯಾರೆಂದು ಕೇಳಿದಳು.

“ಚಿಕ್ಕಗಂಗಮ್ಮ ಅಂತಾರೆ. ಟೇಕಲ್ ಸ್ಟೇಷನ್ನಾಗೆ ಕಡ್ಲೆಕಾಯಿ ಮಾರ್ತೀನಿ. ಕಂಪ್ಯೂಟರ್ ವೇಣು ಹೋಗ್ಬಿಟ್ಟ ಅಂತ ಡೇರಿ ತಾವ ಮಾತಾಡ್ಕೊಳ್ತಿದ್ರು. ಬರದೆ ಇರಕ್ಕಾಗ್ಲಿಲ್ಲ.”

“ನಿಂಗೇನ್ ಗುರ್ತು ಅವನದು?” ಎಂದಳು ಆವಲಮ್ಮ.

“ದಿನಾ ಸಾಯಂಕಾಲ ನಮ್ ತಾವೇ ಕೂತಿರ್ತಿದ್ದನಲ್ಲಮ್ಮ.”

ಜಗಲಿಯ ಮೇಲಿದ್ದ ಹೆಂಗಸರೆಲ್ಲ ಒಮ್ಮೆ ಅವಳನ್ನೂ ಒಮ್ಮೆ ಆದಿಲಕ್ಷ್ಮಿಯನ್ನೂ ನೋಡಿದರು. ಹಿಂದಿನಿಂದ ಯಾರೋ, “ದಿನಾನಾ?” ಎಂದು ಪಿಸುಗುಟ್ಟಿದರು. ಇನ್ನೊಬ್ಬಳು ಅವಳ ತೊಡೆ ಚಿವುಟಿದಳು. ಆದಿಲಕ್ಷ್ಮಿಯ ಮುಖ ಬಿಸಿಯಾಯಿತು. ಸೆರಗಿನ ಗಂಟಿನಲ್ಲಿದ್ದ ಬೀಗದ ಕೈಗಳನ್ನು ಬಟ್ಟೆಯ ಮೇಲಿನಿಂದಲೇ ಒತ್ತಿ ಹಿಡಿದುಕೊಂಡಳು. ಅಯ್ಯೋ ನನ್ನ ಕರ್ಮವೆ, ಹೆಣ ಎದುರಿಗಿದ್ದಾಗಲೇ ಇದನ್ನೂ ಕೇಳಬೇಕೆ ಅನ್ನಿಸಿತು. ಮುರಳೀಕೃಷ್ಣ ದೂರದಲ್ಲಿ ಚಟ್ಟಕ್ಕೆ ಬಿದಿರು ಕಟ್ಟಿಸುತ್ತಿದ್ದ. ಅವನಿಗೆ ಕೇಳಿಸಲಿಲ್ಲ ಅನ್ನುವುದೊಂದೇ ಸಮಾಧಾನ.

ಬಾಯಿಗೆ ಅಕ್ಕಿ ಹಾಕುವ ಹೊತ್ತು ಬಂತು. ಮಗಳು ಧನಶ್ರೀ ಹಾಕಿದಳು, ಆವಲಮ್ಮ ಹಾಕಿದಳು. ಆದಿಲಕ್ಷ್ಮಿ ಅಕ್ಕಿ ಹಿಡಿದು ಬಗ್ಗಿದವಳು ಗಂಡನ ಮುಖ ನೋಡುತ್ತ ನಿಂತುಬಿಟ್ಟಳು. ಎಲ್ಲಿಗ್ರೀ ಹೋಗ್ತಿದ್ರಿ ಎಂದು ಮನಸ್ಸಿನಲ್ಲೇ ಕೇಳಿದಳು. ಹಿಂದಿನಿಂದ ಯಾರೋ, “ಹಾಕಮ್ಮ, ಹೊತ್ತಾಗ್ತದೆ,” ಎಂದರು. ಹಾಕಿದಳು. ತಮಟೆ ಶುರುವಾಯಿತು, ಗಂಡಸರು ಎತ್ತಿಕೊಂಡು ನಡೆದರು. ತಿರುವಿನಲ್ಲಿ ಚಟ್ಟ ಮರೆಯಾದ ಮೇಲೆ ಹೆಂಗಸರು ಅವಳ ಹೆಗಲು ಹಿಡಿದು ಒಳಗೆ ತಂದರು.

*

ಹೆಣ ಎತ್ತಿದ ಮನೆ ತೊಳೆಯಬೇಕು. ಕೊಡಕೊಡ ನೀರು ತಂದು ನಡುಮನೆಗೆ ಹುಯ್ದರು. ನೀರು ಬೀರುವಿನ ಕಡೆ ಹರಿದಾಗ ಧನಶ್ರೀ ಓಡಿಹೋಗಿ ಕಂಪ್ಯೂಟರಿನ ಪ್ಲಗ್ಗು ಕಿತ್ತು, ಅದನ್ನು ಎತ್ತಿ ಮಂಚದ ಮೇಲಿಟ್ಟಳು. ಹೆಣ ಇದ್ದ ಜಾಗದಲ್ಲಿ ದೀಪ ಹಚ್ಚಿದರು. ಆಮೇಲೆ ಒಬ್ಬೊಬ್ಬರೇ ತಮ್ಮ ತಮ್ಮ ಹಸುಗಳ ಕಡೆ ಹೊರಟರು.

ಚಿಕ್ಕಗಂಗಮ್ಮ ಮಾತ್ರ ಹೋಗಿರಲಿಲ್ಲ. ಜಗಲಿಯ ತುದಿಯಲ್ಲಿ ಬುಟ್ಟಿ ಪಕ್ಕದಲ್ಲಿಟ್ಟುಕೊಂಡು ಕೂತಿದ್ದಳು. ಆದಿಲಕ್ಷ್ಮಿ ಒದ್ದೆ ನೆಲ ದಾಟಿ ಹೋಗಿ ಅವಳೆದುರು ಕೂತಳು. ಸುತ್ತಿ ಬಳಸುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

“ನಮ್ಮೋರು ನಿಮ್ ತಾವ ಬಂದು ಏನ್ ಮಾಡ್ತಿದ್ರು?”

“ಕೂತ್ಕೊಳ್ತಿದ್ದ ಕಣಮ್ಮ.”

“ಕೂತ್ಕೊಂಡು?”

“ಕೂತ್ಕೊಳ್ತಿದ್ದ, ಅಷ್ಟೆ. ಪ್ಲಾಟ್‌ಫಾರಂ ಕೊನೇಗೆ ಒಂದ್ ಕಲ್ ಬೆಂಚೈತೆ, ಅದರ್ ಮೇಲೆ. ಒಂದಿನಾನೂ ರೈಲ್ ಹತ್ಲಿಲ್ಲ, ಯಾರ್ನೂ ಇಳಿಸ್ಕೊಳ್ಳಾಕ್ ಬರ್ಲಿಲ್ಲ. ಚಳಿಗಾಲ್ದಾಗೆ ತಲೇಗ್ ಟವಲ್ ಸುತ್ಕೊಂಡು ಕೂತಿರ್ತಿದ್ದ. ಮಳೆ ಬಂದ್ರೆ ಟಿಕೀಟ್ ಕೊಡೋ ತಾವ ಸೂರಿನ್ ಕೆಳಕ್ ಬರ್ತಿದ್ದ. ನನ್ ಬುಟ್ಟಿ ಎತ್ಕೊಡ್ತಿದ್ದ.”

“ನಿಮ್ ಹತ್ರ ಏನ್ ಮಾತಾಡ್ತಿದ್ರು?”

“ಏನೈತೆ ಮಾತು. ಒಂದಿನ ನಾನೇ ಕೇಳ್ದೆ, ಮನೆ ಇಲ್ವೇನಪ್ಪಾ ನಿಂಗೆ ಅಂತ. ಐತೆ, ಇನ್ನ ಹೊತ್ತಾಗ್ಬೇಕು ಅಂದ. ಕೊನೇ ಗಾಡಿ ಹೋದ್ಮೇಲೆ ಒಂದ್ ಪೊಟ್ಣ ಕಟ್ಟಿಸ್ಕೊಂಡು, ಬೆಚ್ಚಗಿರ್ಲಿ ಅಂತ ಅಂಗಿ ಒಳಕ್ ಹಾಕ್ಕೊಂಡು ಹೊಂಟೋಗ್ತಿದ್ದ. ಯಾರಿಗಪ್ಪಾ ಅಂದ್ರೆ ಮನೆಯೋಳಿಗೆ ಅಂತಿದ್ದ.”

ಆದಿಲಕ್ಷ್ಮಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಇನ್ನೊಬ್ಬಳು ಇದ್ದಿದ್ದರೆ ಎದೆ ಬಡಿದುಕೊಂಡು ಬಯ್ಯಬಹುದಿತ್ತು, ಜಗಳ ಆಡಬಹುದಿತ್ತು. ಕುಡಿತವಿದ್ದಿದ್ದರೆ ಹಣೆ ಚಚ್ಚಿಕೊಳ್ಳಬಹುದಿತ್ತು. ಕಲ್ಲು ಬೆಂಚಿನ ಮೇಲೆ ಸುಮ್ಮನೆ ಕೂತು ಹೊತ್ತು ಕಳೆದವನಿಗೆ ಏನೆಂದು ಬಯ್ಯುವುದು? ಇಲ್ಲಿ ಟಿವಿ ಮುಂದೆ ಅವಳೂ ಒಬ್ಬಳೇ ಕೂತಿದ್ದಳಲ್ಲ, ಇಷ್ಟು ವರ್ಷ, ಅದೇ ಹೊತ್ತಿನಲ್ಲಿ.

ಗಂಡಸರು ಮಣ್ಣು ಮುಗಿಸಿ ಬಂದರು. ಬಾಗಿಲಲ್ಲಿ ಕಾಲು ತೊಳೆದು, ದೀಪ ನೋಡಿ, ನಿಲ್ಲದೆ ಹೊರಟರು. ಕೋಲಾರದಿಂದ ಬಂದಿದ್ದ ಕದಿರೇಶ ಒಬ್ಬ ಉಳಿದ. ಆದಿಲಕ್ಷ್ಮಿ ಸೆರಗಿನ ಗಂಟು ಬಿಚ್ಚಿ ಬೀಗದ ಕೈಗಳನ್ನು ಅವನ ಮುಂದೆ ಇಟ್ಟಳು.

“ಟೇಕಲ್ ಸ್ಟೇಷನ್ನಿನ ಕತೆ ಕೇಳ್ದೆ. ಅವತ್ತು ಮಿಷನ್ ಆಗ್ಲಿಲ್ಲ ಅಂತ ಹೇಳಿದ್ದು ಸುಳ್ಳು ಅಲ್ವಾ?”

“ಆಯ್ತಕ್ಕ, ಅವತ್ತೇ ಆಯ್ತು.” ಕದಿರೇಶ ಗೋಡೆಗೆ ಒರಗಿ ನೆಲದ ಮೇಲೆ ಕುಸಿದು ಕೂತ. “ಅವತ್ತಿಂದ ಅಣ್ಣ ಯಾವ ಊರಿಗೂ ಹೋಗಿಲ್ಲ. ಎಲ್ಲಾ ಇದೇ ಹೋಗ್ಬರ್ತಿತ್ತು. ನಿನ್ನೇದೂ ಇದೇ ತಂದಿದ್ದು.”

“ಮತ್ತೆ ಮನೇಲಿರೋಕೇನಾಗಿತ್ತು ಅವ್ರಿಗೆ?”

“ಮುರಳಿ ಸಾರ್ ಮನೆ ಪಕ್ಕದ ಬೀದೀಲೈತೆ. ಸಾಯಂಕಾಲ ಅಣ್ಣ ಮನೇಲ್ ಕೂತಿದ್ರೆ ಅವ್ರಿಗೆ ಗೊತ್ತಾಗಲ್ವಾ? ತಾನಾಗೇ ಬರೋ ಲೆಕ್ಕಕ್ಕೆ ಆಳ್ಯಾಕೆ ಅಂತ ಕಂಪ್ನಿಯೋರು ಮಾರನೇ ದಿನಾನೇ ತೆಗ್ದಾಕ್ತಿದ್ರು. ಆ ವಯಸ್ನಲ್ಲಿ ಇನ್ನೆಲ್ಲಿ ಕೆಲ್ಸ ಹುಡುಕ್ತಾರೆ? ಮನೆಯಿಂದ ಹೊರಡೋದು ಕಾಣ್ಬೇಕಿತ್ತು, ಬರೋದು ಕಾಣ್ಬೇಕಿತ್ತು. ಅಷ್ಟೇ ಅಕ್ಕ.”

“ನಂಗೆ ಹೇಳ್ಬೋದಿತ್ತಲ್ಲ. ಅಣ್ಣಂಗ್ ಹೇಳ್ಬೇಡ ಅಂದಿದ್ರೆ ನಾನ್ ಹೇಳ್ತಿದ್ನಾ?”

ಕೇಳಿದ ಮೇಲೆ ಅವಳಿಗೇ ನೆನಪಾಯಿತು. ಮಿಷನ್ನು ಬರುವ ಮೊದಲು ಒಂದು ಸಲ ವೇಣು ಹುಷಾರಿಲ್ಲವೆಂದು ಆಫೀಸಿಗೆ ಹೇಳಿ ಅವಳನ್ನು ಕೋಲಾರಕ್ಕೆ ಸಿನಿಮಾಕ್ಕೆ ಕರೆದುಕೊಂಡು ಹೋಗಿದ್ದ. ಅದನ್ನು ಅವಳು ರಾತ್ರಿಯೇ ಅಣ್ಣನಿಗೆ ಫೋನಿನಲ್ಲಿ ನಗುನಗುತ್ತಾ ಹೇಳಿಬಿಟ್ಟಳು. ಮಾರನೇ ದಿನ ವೇಣುವನ್ನು ಆಫೀಸಿನಲ್ಲಿ ಎಲ್ಲರೆದುರು ನಿಲ್ಲಿಸಿ ಬಯ್ದರು. ಮನೆಗೆ ಬಂದು ಅವನು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ಅಣ್ಣನಿಗೆ ಯಾವತ್ತೂ ಏನೂ ಮುಚ್ಚಿಟ್ಟವಳಲ್ಲ ಅನ್ನುವುದು ಅವಳ ದೊಡ್ಡಸ್ತಿಕೆಯಾಗಿತ್ತು. ಅದಕ್ಕೇ ಅವನು ಬೆಂಚಿನ ಮೇಲೆ ಕೂತ.

“ನನ್ನ ನಂಬ್ಲಿಲ್ಲ,” ಎಂದಳು. “ಮಿಷನ್ನಿಗೆ ಎಲ್ಲಾ ಊರಿನ್ ಬಾಗ್ಲೂ ತೆಗೆಸಿಕೊಟ್ರು. ತಾವ್ ಮಾತ್ರ ಚಳೀಲಿ ಹೊರಗೇ ಕೂತ್ರು.”

ಚಿಕ್ಕಗಂಗಮ್ಮ ಎದ್ದು ಬಂದು ಅವಳ ಬೆನ್ನ ಮೇಲೆ ಕೈ ಇಟ್ಟಳು.

ಅಷ್ಟರಲ್ಲಿ ಮುರಳೀಕೃಷ್ಣ ಬಂದ. ಸ್ನಾನ ಮಾಡಿ ಬಟ್ಟೆ ಬದಲಿಸಿದ್ದ. ಅವನ ಕಣ್ಣುಗಳೂ ಊದಿಕೊಂಡಿದ್ದವು. ಬಾವನ ಮೇಲೆ ಪ್ರೀತಿ ಇಲ್ಲದವನೇನಲ್ಲ. ತಂಗಿಯ ಪಕ್ಕದಲ್ಲಿ ಕೂತು ಸ್ವಲ್ಪ ಹೊತ್ತು ದೀಪ ನೋಡಿದ.

“ಈಗ ಕೇಳ್ಬಾರ್ದು ಕಣಮ್ಮ, ಆದ್ರೂ ಕೇಳ್ತೀನಿ. ಮ್ಯಾನೇಜರ್ ಮತ್ತೆ ಫೋನ್ ಮಾಡಿದ್ದ. ಆಳಿಲ್ದೆ ಲೆಕ್ಕ ಬಂದಿದ್ದೆಂಗೆ, ಇಷ್ಟ್ ವರ್ಷ ಏನ್ ನಡೀತಿತ್ತು ಅಂತಾನೆ. ಸತ್ತೋನ್ ಹೆಸ್ರು ನಾಳೆ ಆಫೀಸಲ್ಲಿ ಎಲ್ಲರ ಬಾಯಿಗ್ ಬೀಳ್ತದೆ. ಬಾವ ನಿಂಗೇನಾದ್ರೂ ಹೇಳಿದ್ನಾ? ನೀನ್ ನನ್ ಹತ್ರ ಯಾವತ್ತೂ ಏನೂ ಮುಚ್ಚಿಟ್ಟೋಳಲ್ಲ.”

ಕದಿರೇಶ ನೆಲ ನೋಡುತ್ತಿದ್ದ. ತುಕ್ಕು ಹಿಡಿದ ಗೊಂಚಲು ಅವನ ಕಾಲಿನ ಹತ್ತಿರವೇ ಬಿದ್ದಿತ್ತು. ಆದಿಲಕ್ಷ್ಮಿ ಮೆಲ್ಲಗೆ ಸೆರಗು ಎಳೆದುಕೊಳ್ಳುವವಳ ಹಾಗೆ ಬಗ್ಗಿ ಅದರ ಮೇಲೆ ಸೆರಗು ಬೀಳಿಸಿದಳು.

“ಅವ್ರು ದಿನಾ ಸುತ್ತಿಗ್ ಹೋಗ್ತಿದ್ರು ಅಣ್ಣ. ಆ ಸಿನಿಮಾ ದಿನ ಬಿಟ್ರೆ ಒಂದಿನಾನೂ ತಪ್ಪಿಸ್ಲಿಲ್ಲ. ನಂಗೆ ಜ್ವರ ಬಂದಿದ್ ದಿನಾನೂ ಹೋದ್ರಲ್ಲ, ನೀನೇ ಇದ್ದೆ.”

“ಅದ್ ಸರಿ. ನಿನ್ನೇದು?”

“ನಿನ್ನೆ ಕದಿರೇಶ ಹಾಲ್ ಅಳೆಯೋರ್ ಕೈಲೇ ಬೀಗ ತೆಗೆಸ್ಕೊಂಡು ಹೋಗ್ಬಂದ. ನಾನೇ ಹೇಳಿದ್ದೆ, ಅವ್ರ ಕೆಲ್ಸ ನಿಲ್ಲಬಾರ್ದು ಅಂತ. ಬೆಳಿಗ್ಗೆ ಹೆಣದ್ ಮುಂದೆ ಅದನ್ ಹೇಳೋದ್ ಹೆಂಗೆ ಅಂತ ಸುಮ್ಗಿದ್ದ.”

ಮುರಳೀಕೃಷ್ಣ ಕದಿರೇಶನ ಕಡೆ ತಿರುಗಿದ. ಕದಿರೇಶ ತಲೆ ಆಡಿಸಿದ. ಮುರಳೀಕೃಷ್ಣ ನಂಬಿದ. ತಂಗಿಯ ಮಾತನ್ನು ಅವನು ಯಾವಾಗಲೂ ನಂಬುತ್ತಿದ್ದ.

“ಹಂಗಾದ್ರೆ ಸರಿ. ಹಂಗೇ ಹೇಳ್ತೀನಿ,” ಎಂದು ನಿಟ್ಟುಸಿರು ಬಿಟ್ಟು ಎದ್ದ. “ಇವತ್ತಿಂದೂ ಹೋಗ್ಬಂದ್ಬಿಡು ಕದಿರೇಶ. ತಿಥಿ ಆಗೋವರ್ಗೂ ನೀನೇ ನೋಡ್ಕೋ. ಕೈ ಎಲ್ಲಾ ತಗೊಂಡಿದೀಯಾ?”

“ಇದಾವೆ ಸಾರ್.”

ಅವನ ಚಪ್ಪಲಿ ಸದ್ದು ಬೀದಿಯ ತಿರುವಿನವರೆಗೂ ಕೇಳಿಸಿತು. ಡೇರಿಯ ಕಡೆ ಕ್ಯಾನುಗಳ ಸದ್ದು ಶುರುವಾಗಿತ್ತು. ಕದಿರೇಶ ಗಾಬರಿಯಲ್ಲಿ ಎದ್ದು ಮಂಚದ ಮೇಲಿದ್ದ ಕಂಪ್ಯೂಟರನ್ನು ಬೀರುವಿನ ಪಕ್ಕಕ್ಕೆ ತಂದ. ಆದಿಲಕ್ಷ್ಮಿ ಒದ್ದೆಯಾಗಿದ್ದ ಪ್ಲಗ್ಗನ್ನು ಸೆರಗಿನಿಂದ ಎರಡೆರಡು ಸಲ ಒರೆಸಿ ತಾನೇ ಸಿಕ್ಕಿಸಿದಳು. ಮಿಷನ್ನು ಗುರ್ರ್ ಅಂದು ಸುಮ್ಮನಾಯಿತು. ಹಸಿರು ದೀಪ ಹತ್ತಿತು.

“ಇನ್ನೇನೂ ಮಾಡ್ಬೇಕಾಗಿಲ್ಲ ಅಕ್ಕ. ಹೊತ್ತಿಗೆ ಸರಿಯಾಗಿ ತಾನೇ ಹೊರಡ್ತದೆ. ಅಣ್ಣ ಗಾಡೀಲಿ ಹೋಗ್ತಿದ್ದ ವರಸೇಲೇ ಬರೆದವ್ನೆ. ಮೊದ್ಲು ವಕ್ಕಲೇರಿ, ಆಮೇಲ್ ಟೇಕಲ್, ಶ್ರೀನಿವಾಸಪುರದ್ ಕಡೇವು, ದೇವರಾಯಸಮುದ್ರ, ಕೊನೇಗ್ ಕೋಲಾರ. ಒಂದೂರಾದ್ರೆ ದೀಪ ನಿಲ್ತದೆ, ಮತ್ ಶುರುವಾಗ್ತದೆ.” ಅವನು ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡ. “ಈಗ ನಾನೂ ಹೊರಡ್ಬೇಕಲ್ಲಕ್ಕ. ಮುರಳಿ ಸಾರ್ ನೋಡ್ತಿರ್ತಾರೆ.”

“ಎಲ್ಲಿಗ್ ಹೋಗ್ತೀಯ?”

“ಎಲ್ಲಿಗೂ ಇಲ್ಲ. ಟೇಕಲ್ಲಲ್ಲೇ ಕೂತಿರ್ತೀನಿ.”

ಆದಿಲಕ್ಷ್ಮಿ ಮೊಳೆಯಲ್ಲಿದ್ದ ವೇಣುವಿನ ಹೆಲ್ಮೆಟ್ ತೆಗೆದು ಕೊಟ್ಟಳು. ಚಿಕ್ಕಗಂಗಮ್ಮನಿಗೂ ಸಂಜೆಯ ಗಾಡಿಯ ವ್ಯಾಪಾರಕ್ಕೆ ಹೊತ್ತಾಗಿತ್ತು. ಬುಟ್ಟಿಯ ಮಧ್ಯದಲ್ಲಿದ್ದ ಕೆಂಡದ ಮಡಕೆ ಸರಿಸಿ, ಅದರ ಅಡಿಯ ಕಡ್ಲೆಕಾಯಿ ಎರಡು ಹಿಡಿ ತೆಗೆದು ಪೊಟ್ಟಣ ಕಟ್ಟಿ ಆದಿಲಕ್ಷ್ಮಿಯ ಮಡಿಲಿಗೆ ಹಾಕಿದಳು. ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಕದಿರೇಶನ ಗಾಡಿಯ ಹಿಂದೆ ಕೂತು ಹೋದಳು.

ಆವಲಮ್ಮ ಮೂಲೆಯಲ್ಲಿ ಅತ್ತು ಸುಸ್ತಾಗಿ ಮಲಗಿದ್ದಳು. ಧನಶ್ರೀ ಅಜ್ಜಿಯ ಪಕ್ಕದಲ್ಲೇ ನಿದ್ದೆ ಹೋಗಿದ್ದಳು. ಆದಿಲಕ್ಷ್ಮಿ ಗೋಡೆಗೆ ಒರಗಿ ಕಂಪ್ಯೂಟರಿನ ಎದುರು ಕೂತಳು. ಮಡಿಲು ಬೆಚ್ಚಗಿತ್ತು. ಪೊಟ್ಟಣ ಬಿಚ್ಚಲಿಲ್ಲ.

ಹಸಿರು ದೀಪ ಮಿಣುಗತೊಡಗಿತು. ವಕ್ಕಲೇರಿ ಅಂದುಕೊಂಡಳು. ನಿಂತಿತು, ಮತ್ತೆ ಶುರುವಾಯಿತು. ಟೇಕಲ್. ಬಾಗಿಲಾಚೆ ಕತ್ತಲಾಗುತ್ತಿತ್ತು, ಯಾರದೋ ಹಟ್ಟಿಯಲ್ಲಿ ಕರು ಕೂಗುತ್ತಿತ್ತು. ಒಂದೊಂದು ಊರಿಗೂ ಅವಳು ಕಾದಳು. ದೇವರಾಯಸಮುದ್ರಕ್ಕೆ ಬಂದಾಗ ಬಹಳ ಹೊತ್ತು ಮಿಣುಗಿತು, ಅಲ್ಲಿ ಹಾಲು ಹೆಚ್ಚು. ಆಮೇಲೆ ಕೋಲಾರ. ಆಮೇಲೆ ದೀಪ ಅಲುಗದೆ ನಿಂತಿತು.

ಆದಿಲಕ್ಷ್ಮಿ ಪೊಟ್ಟಣವನ್ನು ಸೆರಗಿನಲ್ಲಿ ಸುತ್ತಿಟ್ಟು ಎದ್ದಳು. ಚೊಂಬಿಗೆ ನೀರು ತುಂಬಿ ತಂದು ಹೊಸ್ತಿಲ ಹೊರಗೆ ಇಟ್ಟಳು.